ಮೇಂಟೆನೆನ್ಸ್ ಕೇಳಿದ ಭಾನುವಾರ

ಮಧುಗಿರಿ ಕೋರ್ಟಿನಲ್ಲಿ ನಮ್ಮ ವಿಚ್ಛೇದನದ ತೀರ್ಪು ಬಂದ ಮಾರನೆಯ ಬೆಳಿಗ್ಗೆ ನಾನು ಎಂದಿನಂತೆ ಕೆಲಸಕ್ಕೆ ಹೋದೆ. ಅವನೂ ಬಂದಿದ್ದ. ಇಬ್ಬರದೂ ಒಂದೇ ಲ್ಯಾಬು. ನಾನು ಕೆಲಸ ಬಿಡುತ್ತೇನೆಂದು ಅವನು ಕಾದಿದ್ದ, ಅವನು ಬಿಡುತ್ತಾನೆಂದು ನಾನು ಕಾದಿದ್ದೆ. ಯಾರೂ ಬಿಡುವುದಿಲ್ಲ ಎಂಬುದು ಬಾಗಿಲಲ್ಲಿ ಎದುರಾದಾಗ ಇಬ್ಬರಿಗೂ ಗೊತ್ತಾಯಿತು. ಅವನು ಹಾಜರಿ ಮೆಷಿನ್ನಿಗೆ ಹೆಬ್ಬೆರಳು ಒತ್ತಿ, ಪಕ್ಕಕ್ಕೆ ಸರಿದು, "ಒತ್ತಿ ಮೇಡಂ" ಅಂದ.

ಮದುವೆಯಾದಾಗಿನಿಂದ ಅವನು ನನ್ನನ್ನು ಕರೆದದ್ದು "ಲೇ" ಎಂದು. ನಾನು "ರೀ" ಅನ್ನುತ್ತಿದ್ದೆ. ಆವತ್ತು "ಥ್ಯಾಂಕ್ಸ್ ಸರ್" ಅಂದೆ. ಮೇಡಂ, ಸರ್ ಎಂಬ ಮರ್ಯಾದೆಯ ಮಾತಿನೊಳಗೆ ಎಷ್ಟು ವಿಷ ಹಿಡಿಸಬಹುದೆಂದು ಆಮೇಲೆ ಇಬ್ಬರೂ ಚೆನ್ನಾಗಿ ಕಲಿತೆವು.

ಅದು ರಕ್ತ, ಮೂತ್ರ ಪರೀಕ್ಷೆಯ ಲ್ಯಾಬು. ಮುಖ್ಯ ಕಚೇರಿ ಮಧುಗಿರಿಯಲ್ಲಿ. ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಒಂದೊಂದು ಶಾಖೆ. ಶಾಖೆಗಳಲ್ಲಿ ರಕ್ತ ತೆಗೆದು, ಟ್ಯೂಬಿಗೆ ನಂಬರಿನ ಚೀಟಿ ಅಂಟಿಸಿ, ಐಸ್ ಡಬ್ಬಕ್ಕೆ ಹಾಕಿ ಪ್ರೈವೇಟ್ ಬಸ್ಸಿನಲ್ಲಿ ಡ್ರೈವರ್ ಪಕ್ಕ ಇಟ್ಟು ಕಳಿಸುತ್ತಾರೆ. ಮಧುಗಿರಿಯಲ್ಲಿ ಪರೀಕ್ಷೆಯಾದ ಮೇಲೆ ರಿಪೋರ್ಟು ನೇರವಾಗಿ ರೋಗಿಯ ಮೊಬೈಲಿಗೆ ಹೋಗುತ್ತದೆ. ಅವನು ನಾಲ್ಕೂ ಊರಿನ ವ್ಯವಹಾರ ನೋಡುವ ಮ್ಯಾನೇಜರು. ನಾನು ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಒಡತಿ ವಯಸ್ಸಾದ ಪೆಥಾಲಜಿ ಡಾಕ್ಟರು, ನಮ್ಮೆಲ್ಲರ ಬಾಯಲ್ಲಿ ಡಾಕ್ಟ್ರಮ್ಮ. ತೀರ್ಪು ಬಂದ ವಾರ ಅವರು ನಮ್ಮಿಬ್ಬರನ್ನೂ ಕೋಣೆಗೆ ಕರೆದು ಕೂರಿಸಿ, "ಮನೆ ವಿಷಯ ಮನೇಲಿ. ನನಗೆ ಇಬ್ಬರೂ ಬೇಕು. ಹೊಂದ್ಕೊಂಡು ಹೋಗಿ" ಅಂದರು. ಆ ಮಾತನ್ನು ನಾನು ಅಷ್ಟು ಹೊತ್ತಿಗೆ ಅತ್ತೆಯಿಂದ, ಅವನ ದೊಡ್ಡಪ್ಪನಿಂದ, ವಕೀಲರಿಂದ, ಕೋರ್ಟಿನಲ್ಲಿ ರಾಜಿ ಮಾಡಿಸಲು ಕೂತಿದ್ದವರಿಂದ ಕೇಳಿ ಕೇಳಿ ಬೇಸತ್ತಿದ್ದೆ.

ಬರಗೂರಿನಿಂದ ಅಮ್ಮ ನನ್ನ ಬಾಡಿಗೆ ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ದಿನಾ ಅವನ ಮಕ ನೋಡ್ಕಂಡು ಹೆಂಗೆ ಕೆಲ್ಸ ಮಾಡ್ತೀಯ ಕಣಮ್ಮ? ಬುಟ್ಟು ಬಂದ್ಬುಡು. ಸಿರಾದಾಗೆ ಬ್ಯಾರೆ ಕೆಲ್ಸ ಸಿಗಾಕಿಲ್ವಾ?"

"ಅವನು ಬಿಡ್ಲಿ. ನಾನ್ಯಾಕೆ ಬಿಡ್ಲಿ?"

"ಅಂಗಂದ್ರೆ ಇಬ್ರೂ ಅಲ್ಲೇ ಕಿತ್ತಾಡ್ಕಂಡು ಬಿದ್ದಿರ್ರಿ" ಅಂದು ತಂದಿದ್ದ ಅವರೆಕಾಯಿ ಸುಲಿಯಲು ಕೂತಳು.

ಅಮ್ಮ ಹೇಳಿದ ಹಾಗೇ ಆಯಿತು.

ಆ ಹೊತ್ತಿಗೆ ಲ್ಯಾಬಿನಲ್ಲಿ ನಾಲ್ಕೂ ಊರಿನ ಮಾಹಿತಿ ಕೂಡಿಡುವ ದೊಡ್ಡ ಕಂಪ್ಯೂಟರು, ಅಂದರೆ ಸರ್ವರ್, ಒಂದೇ ಇತ್ತು. ಅದು ಕೈಕೊಟ್ಟ ದಿನ ನಾಲ್ಕೂ ಊರಿನಲ್ಲಿ ಜನ ರಿಪೋರ್ಟಿಲ್ಲದೆ ಕೂಗಾಡಿದ್ದರು. ಡಾಕ್ಟ್ರಮ್ಮ ಎರಡು ಹೊಸ ಸರ್ವರ್ ತರಿಸಿದರು. ಎಕ್ಸ್‌ರೇ ಕೋಣೆಯ ಹಿಂದಿನ ಕಿರುಕೋಣೆಗೆ ಏಸಿ ಹಾಕಿಸಿ ಎರಡನ್ನೂ ಅಲ್ಲಿಟ್ಟೆವು. ಎರಡರಲ್ಲೂ ಒಂದೇ ಮಾಹಿತಿ. ಮೊದಲನೆಯದು ಕೆಲಸ ಮಾಡುತ್ತದೆ. ಎರಡನೆಯದು ಅದರಲ್ಲಿ ಸೇರಿದ್ದನ್ನೆಲ್ಲ ಆಗಿಂದಾಗಲೇ ನಕಲು ಮಾಡಿಕೊಳ್ಳುತ್ತ ತಯಾರಾಗಿರುತ್ತದೆ. ಮೊದಲನೆಯದು ನಿಂತರೆ ಎರಡನೆಯದು ತಾನಾಗಿ ಕೆಲಸ ವಹಿಸಿಕೊಳ್ಳಬೇಕು. ಪಾವಗಡದ ಕೌಂಟರಿನಲ್ಲಿ ಕೂತವಳಿಗೆ ಅದು ಗೊತ್ತೂ ಆಗಬಾರದು.

ಇದಕ್ಕೊಂದು ಕಾವಲು ಬೇಕು. ಸರ್ವರಿನೊಳಗೆ ಹೆಸರು, ನಂಬರು, ರಿಪೋರ್ಟುಗಳನ್ನು ಇಟ್ಟುಕೊಳ್ಳುವ ಡೇಟಾಬೇಸ್ ಬದುಕಿದೆಯಾ ಎಂದು ಮತ್ತೆ ಮತ್ತೆ ಕೇಳುವ ಒಂದು ಪ್ರೋಗ್ರಾಮು. ಉತ್ತರ ಬರದಿದ್ದರೆ ಅದು ನಿಂತದ್ದನ್ನು ಎಬ್ಬಿಸಲು ನೋಡುತ್ತದೆ, ಏಳದಿದ್ದರೆ ಇನ್ನೊಂದು ಸರ್ವರಿಗೆ ಕೆಲಸ ದಾಟಿಸುತ್ತದೆ, ಜೊತೆಗೆ ಮೊಬೈಲಿಗೆ ಎಚ್ಚರಿಕೆ ಕಳಿಸುತ್ತದೆ. ಆ ಕಾವಲನ್ನು ಹೊಂದಿಸುವ ಕೆಲಸ ನನ್ನದು. ಎಚ್ಚರಿಕೆ ಯಾರ ಯಾರ ಮೊಬೈಲಿಗೆ ಹೋಗಬೇಕು ಅಂತ ಡಾಕ್ಟ್ರಮ್ಮನನ್ನು ಕೇಳಿದೆ. "ನಿನಗೆ, ಮ್ಯಾನೇಜರಿಗೆ" ಅಂದರು. ಹಾಕಿದೆ.

ಮೊದಲ ಎಚ್ಚರಿಕೆ ಹೋದಾಗ ಅವನು ಮೊಬೈಲ್ ಹಿಡಿದುಕೊಂಡು ನನ್ನ ಟೇಬಲ್ಲಿಗೆ ಬಂದ.

"ನನ್ ನಂಬರ್ ಯಾಕೆ ಹಾಕಿದೀರಾ ಮೇಡಂ?"

"ಡಾಕ್ಟ್ರಮ್ಮ ಹೇಳಿದ್ರು ಸರ್."

"ಡಾಕ್ಟ್ರಮ್ಮ ಹೇಳಿದ್ರೋ, ನನ್ನ ನೆಮ್ಮದಿ ಕೆಡಿಸ್ಬೇಕು ಅಂತ ನೀವೇ ಹಾಕಿದ್ರೋ?"

ಪಕ್ಕದಲ್ಲಿ ಬಿಲ್ಲಿಂಗ್ ಹುಡುಗಿಯರು ತಲೆ ತಗ್ಗಿಸಿ ನಗು ನುಂಗಿಕೊಂಡರು. ಅವನಿಗೆ ಬೇಕಾಗಿದ್ದದ್ದೂ ಅದೇ.

ಶುರುವಿನಲ್ಲಿ ಆ ಕಾವಲು ಸುಮ್ಮಸುಮ್ಮನೆ ಕೂಗುತ್ತಿತ್ತು, ಅದು ಸುಳ್ಳಲ್ಲ. ಬೆಳಿಗ್ಗೆ ಖಾಲಿಹೊಟ್ಟೆಯ ಶುಗರ್ ಪರೀಕ್ಷೆಗೆ ಶಿರಾದಲ್ಲಿ ಜನ ಒಟ್ಟಿಗೆ ನುಗ್ಗುತ್ತಾರೆ. ಆ ಹೊತ್ತಿಗೆ ಡೇಟಾಬೇಸ್ ಉತ್ತರ ಕೊಡಲು ಸ್ವಲ್ಪ ತಡ ಮಾಡುತ್ತದೆ. ತಡವಾದ ಕೂಡಲೇ ಕಾವಲು ಅದು ಸತ್ತೇಹೋಯಿತು ಅಂದುಕೊಂಡು ಎಚ್ಚರಿಕೆ ಕಳಿಸುತ್ತಿತ್ತು. ಅವನು ಪ್ರತಿಯೊಂದನ್ನೂ ಡಾಕ್ಟ್ರಮ್ಮನಿಗೆ ಕಳಿಸಿ, ಕೆಳಗೆ "ಮೇಡಂ ಅವರ ಸಿಸ್ಟಂ" ಎಂದು ಬರೆಯುತ್ತಿದ್ದ. ತಿಂಗಳ ಮೀಟಿಂಗಿನಲ್ಲಿ ನಾಲ್ಕೂ ಶಾಖೆಯವರ ಮುಂದೆ, "ಇಷ್ಟು ಖರ್ಚು ಮಾಡಿ ತಂದ ಯಂತ್ರಕ್ಕೆ ಭ್ರಮೆ ಹಿಡಿದಿದೆ. ಅದನ್ನ ನೋಡ್ಕೊಳ್ಳೋರ ಬುದ್ಧಿ ಅದಕ್ಕೂ ಬಂದಿದೆ" ಅಂದ.

ನಾನು ಆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಸರ್ವರಿನ ಮಾತು ಬಿಟ್ಟು ಮನೆಯ ಮಾತೇ ಬರುತ್ತಿತ್ತು.

ಆ ವಾರ ಕೂತು ಸರಿ ಮಾಡಿದೆ. ಉತ್ತರಕ್ಕೆ ಕಾಯುವ ಹೊತ್ತನ್ನು ಉದ್ದ ಮಾಡಿದೆ. ಒಂದು ಸಲ ಉತ್ತರ ಬರದಿದ್ದರೆ ಸಾಲದು, ಬಿಡದೆ ಹಲವು ಸಲ ಬರದಿದ್ದರೆ ಮಾತ್ರ ಕೆಟ್ಟಿದೆ ಎಂದು ತೀರ್ಮಾನಿಸು ಎಂದು ಬರೆದೆ. ಕಾವಲಿಗೆ ಬೇರೆಯದೇ ಒಂದು ಲಾಗಿನ್ ಕೊಟ್ಟೆ. ಅದು ಡೇಟಾಬೇಸನ್ನು ಇಣುಕಿ ನೋಡಬಹುದು, ಒಂದಕ್ಷರ ತಿದ್ದುವಂತಿಲ್ಲ. ಆಮೇಲೆ ಸುಳ್ಳು ಎಚ್ಚರಿಕೆಗಳು ನಿಂತವು. ಅವನು ಆ ಬಗ್ಗೆ ಮಾತೇ ಎತ್ತಲಿಲ್ಲ. ಅಡಿಗೆ ಕೆಟ್ಟರೆ ಬೀದಿಗೆಲ್ಲ ಕೇಳುವ ಹಾಗೆ ಹೇಳುವುದು, ಚೆನ್ನಾಗಿದ್ದರೆ ಉಂಡು ಕೈ ತೊಳೆದು ಎದ್ದು ಹೋಗುವುದು, ಇದು ಕೊಡಿಗೇನಹಳ್ಳಿಯ ಅವರ ಮನೆಯಲ್ಲಿ ನಾನು ಅಷ್ಟು ವರ್ಷ ಕಂಡದ್ದೇ.

ಮಳೆಗಾಲ ಮುಗಿಯುವ ಹೊತ್ತಿಗೆ ಡೇಟಾಬೇಸಿನ ಹೊಸ ಆವೃತ್ತಿ ಹಾಕಬೇಕಾಯಿತು. ಹಳೆಯದರಲ್ಲಿ ಕಳ್ಳರು ನುಗ್ಗುವ ಸಂದು ಸಿಕ್ಕಿದೆ ಎಂದು ತಯಾರಿಸಿದವರೇ ಹೇಳಿದ್ದರು. ಹೊಸದು ಹಾಕಬೇಕಾದರೆ ಎರಡೂ ಕಡೆ ಡೇಟಾಬೇಸನ್ನು ಸ್ವಲ್ಪ ಹೊತ್ತು ಪೂರ್ತಿ ನಿಲ್ಲಿಸಬೇಕು. ಆದರೆ ನಿಲ್ಲಿಸಿದರೆ ಕಾವಲು ಸುಮ್ಮನಿರುವುದಿಲ್ಲ. ಬಿದ್ದುಹೋಯಿತು ಎಂದುಕೊಂಡು ಎಬ್ಬಿಸಲು ಓಡುತ್ತದೆ. ಅದಕ್ಕೇ ಮೊದಲು ಇಡೀ ವ್ಯವಸ್ಥೆಯನ್ನು ಮೇಂಟೆನೆನ್ಸ್ ಮೋಡಿಗೆ ಹಾಕಬೇಕು. ನಾನೇ ಬೇಕೆಂದು ನಿಲ್ಲಿಸಿದ್ದೇನೆ, ನಾನು ಹೇಳುವ ತನಕ ಯಾವುದಕ್ಕೂ ಕೈ ಹಾಕಬೇಡ ಎಂದು ಕಾವಲಿಗೆ ಹೇಳುವುದು ಅದು. ಕೆಲಸ ಮುಗಿದ ಮೇಲೆ ಮೋಡ್ ತೆಗೆದರೆ ಕಾವಲು ಮತ್ತೆ ಎಚ್ಚರಗೊಳ್ಳುತ್ತದೆ.

ಆ ಹೊತ್ತು ಶಾಖೆಗಳು ಕಾಗದದ ಮೇಲೆ ಕೆಲಸ ಮಾಡಬೇಕಲ್ಲ, ಹಾಗಾಗಿ ಮ್ಯಾನೇಜರ ಒಪ್ಪಿಗೆ ಬೇಕಿತ್ತು. ತಿಂಗಳ ಮೀಟಿಂಗಿನಲ್ಲಿ ಕೇಳಿದೆ.

"ಸರ್, ಒಂದು ಭಾನುವಾರ ಮಧ್ಯಾಹ್ನ ಮೇಂಟೆನೆನ್ಸ್ ಬೇಕು."

ಅವನು ಕುರ್ಚಿಗೆ ಒರಗಿ ಎಲ್ಲರ ಕಡೆಗೂ ನೋಡಿದ. "ಕೋರ್ಟಲ್ಲಿ ಜಡ್ಜು ಕೇಳಿದಾಗ ಮೇಂಟೆನೆನ್ಸ್ ಬೇಡವೇ ಬೇಡ ಅಂದ್ರು. ಈಗ ನೋಡಿ, ಇಲ್ಲಿ ಬಂದು ಕೇಳ್ತಾವ್ರೆ."

ಈ ಸಲ ಯಾರೂ ನಗು ನುಂಗಿಕೊಳ್ಳಲಿಲ್ಲ, ನಕ್ಕೇಬಿಟ್ಟರು. ಜೀವನಾಂಶ ಬೇಡ ಅಂದದ್ದು ನಿಜ. ಅವನ ಮನೆಯ ಒಂದು ಕಾಳೂ ನನಗೆ ಬೇಡ ಅಂತ ಅಂದಿದ್ದೆ. ಅದನ್ನು ಇವನು ನಾಲ್ಕು ಊರಿನ ಕೆಲಸಗಾರರ ಎದುರು ತಮಾಷೆ ಮಾಡುತ್ತಾನೆಂದು ಎಣಿಸಿರಲಿಲ್ಲ. ಮುಖ ಬಿಸಿಯಾಯಿತು. "ಯಾವ ಭಾನುವಾರ ಅಂತ ಹೇಳಿ ಸರ್" ಅಂದೆ, ಅಷ್ಟೇ.

ಅವನು ಹೇಳಲಿಲ್ಲ. ಒಂದು ಭಾನುವಾರ ಕೊಡಿಗೇನಹಳ್ಳಿಯಲ್ಲಿ ಆರೋಗ್ಯ ಶಿಬಿರ ಅಂದ. ಮುಂದಿನದಕ್ಕೆ ತಿರುಮಣಿಯಲ್ಲಿ ಸೋಲಾರ್ ಕೆಲಸಗಾರರ ತಪಾಸಣೆ. ಅದರ ಮುಂದಿನದಕ್ಕೆ ಕೊರಟಗೆರೆ ಶಾಖೆಯಲ್ಲಿ ರಜೆ ಹಾಕಿದವರು ಜಾಸ್ತಿ. ಕೊನೆಗೆ ನಾನು ಡಾಕ್ಟ್ರಮ್ಮನ ಬಳಿ ಹೋದೆ. ಅವರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು, "ಈ ಭಾನುವಾರ. ಅವನಿಗೆ ನಾನೇ ಹೇಳ್ತೀನಿ" ಅಂದರು. ತನ್ನನ್ನು ದಾಟಿ ಹೋದೆ ಎಂಬುದು ಅವನಿಗೆ ಆವತ್ತೇ ಗೊತ್ತಾಯಿತು. ಸಂಜೆ ಮೆಟ್ಟಿಲಲ್ಲಿ ಸಿಕ್ಕಾಗ ಗೋಡೆಗೆ ಹೇಳುವವನ ಹಾಗೆ, "ದೂರು ಹೇಳೋ ಚಾಳಿ ಮಾತ್ರ ಹೋಗ್ಲಿಲ್ಲ" ಅಂದ.

ಆ ಭಾನುವಾರ ಜನದ ನೂಕು ಕಡಿಮೆಯಾದ ಮೇಲೆ ಶಾಖೆಗಳಿಗೆಲ್ಲ ಫೋನ್ ಮಾಡಿ, ನಾನು ಹೇಳುವ ತನಕ ಕಾಗದದ ಮೇಲೆ ಬರೆದುಕೊಳ್ಳಿ ಅಂದೆ. ವ್ಯವಸ್ಥೆಯನ್ನು ಮೇಂಟೆನೆನ್ಸಿಗೆ ಹಾಕಿದೆ. ಕಾವಲಿನ ಪರದೆಯ ನೆತ್ತಿಯಲ್ಲಿ ಹಳದಿ ಪಟ್ಟಿ ಬಂತು. ಎರಡೂ ಕಡೆ ಡೇಟಾಬೇಸ್ ನಿಲ್ಲಿಸಿದೆ. ಮೊದಲನೆಯ ಸರ್ವರಿನಲ್ಲಿ ಹೊಸ ಆವೃತ್ತಿ ಹಾಕಿ ಹಳೆಯ ಮಾಹಿತಿಯನ್ನು ಅದಕ್ಕೆ ತಕ್ಕಂತೆ ಬದಲಾಯಿಸಲು ಬಿಟ್ಟೆ. ಅದು ನಿಧಾನದ ಕೆಲಸ. ಕಿರುಕೋಣೆಯ ಏಸಿಗೆ ಶಾಲು ಹೊದ್ದುಕೊಂಡು ಸ್ಟೂಲಿನ ಮೇಲೆ ಕೂತೆ. ನಿಜ ಹೇಳಬೇಕೆಂದರೆ ಹಾಯೆನಿಸಿತ್ತು.

ಅವನಿಗೆ ರಜೆ ಇತ್ತು. ಆದರೂ ಬಂದಿದ್ದ. ಅವನು ಬಂದದ್ದು ನನಗೆ ಗೊತ್ತಾಗಲಿಲ್ಲ. ತನ್ನ ಕ್ಯಾಬಿನ್ನಿನಲ್ಲಿ ಕೂತು ಕಾವಲಿನ ಪರದೆ ತೆಗೆದಿದ್ದಾನೆ. ಮ್ಯಾನೇಜರ ಲಾಗಿನ್ನಿಗೆ ಎಲ್ಲ ಹಕ್ಕೂ ಇತ್ತು. ಹೊಸ ಸರ್ವರ್ ಬಂದಾಗ ಡಾಕ್ಟ್ರಮ್ಮನೇ ಕೊಡಿಸಿದ್ದರು. ಅಲ್ಲಿಂದ ಅವನು ಮೇಂಟೆನೆನ್ಸ್ ಮೋಡನ್ನು ತೆಗೆದುಬಿಟ್ಟ.

ಕಾವಲು ಎಚ್ಚರವಾಯಿತು. ನೋಡುತ್ತದೆ, ಡೇಟಾಬೇಸ್ ನಿಂತಿದೆ. ಮೊದಲನೆಯದನ್ನು ಎಬ್ಬಿಸಲು ಹೋಯಿತು. ಅಲ್ಲಿ ನನ್ನ ಕೆಲಸ ನಡೆದಿದ್ದರಿಂದ ಅದು ಏಳಲಿಲ್ಲ. ಎರಡನೆಯದನ್ನು ಹಳೆಯ ಆವೃತ್ತಿಯಲ್ಲೇ ಎಬ್ಬಿಸಿ ಕೆಲಸವನ್ನೆಲ್ಲ ಅದಕ್ಕೆ ದಾಟಿಸಿತು. ಶಾಖೆಗಳಲ್ಲಿ ಪರದೆಗಳು ಬೆಳಗಿದವು. ನಾನು ಕೆಲಸ ಮುಗಿಸಿದ್ದೇನೆ, ಹೇಳುವುದನ್ನು ಮರೆತಿದ್ದೇನೆ ಅಂದುಕೊಂಡು ಹುಡುಗಿಯರು ಕಾಗದದಲ್ಲಿದ್ದ ಹೆಸರುಗಳನ್ನು ಸೇರಿಸತೊಡಗಿದರು. ಪ್ರತಿ ಹೆಸರಿಗೂ ಒಂದೊಂದು ಟ್ಯೂಬ್ ನಂಬರು ಬಂತು. ಎಚ್ಚರಿಕೆ ನನ್ನ ಮೊಬೈಲಿಗೂ ಬಂದಿತ್ತು, ಆದರೆ ಕಿರುಕೋಣೆಯೊಳಗೆ ಸಿಗ್ನಲ್ ಸಿಗುವುದಿಲ್ಲ.

ನನ್ನ ಕಡೆ ಮಾಹಿತಿಯ ಬದಲಾವಣೆ ಮುಗಿಯಿತು. ಮೊದಲನೆಯದನ್ನು ಎಬ್ಬಿಸಿ ಕೆಲಸವನ್ನು ಅದಕ್ಕೆ ಕೊಟ್ಟೆ. ಈಗ ಶಾಖೆಗಳು ಮತ್ತೆ ಮೊದಲನೆಯದರೊಂದಿಗೆ ಮಾತಾಡತೊಡಗಿದವು. ನಡುವೆ ಎರಡನೆಯದು ಹಂಚಿದ ನಂಬರುಗಳ ಸುದ್ದಿ ಇದಕ್ಕೆ ತಿಳಿಯದು. ಅವೇ ನಂಬರುಗಳನ್ನು ಹೊಸಬರಿಗೆ ಮತ್ತೊಮ್ಮೆ ಕೊಟ್ಟಿತು.

ಮೋಡ್ ತೆಗೆಯೋಣ ಎಂದು ಪರದೆ ನೋಡುತ್ತೇನೆ, ಹಳದಿ ಪಟ್ಟಿ ಇಲ್ಲ. ನಾನೇ ಹಾಕಿರಲಿಲ್ಲವೇ ಎಂದು ಒಂದು ಗಳಿಗೆ ನನ್ನ ಮೇಲೇ ಅನುಮಾನ ಬಂತು. ಆಮೇಲೆ ಎರಡನೆಯ ಸರ್ವರಿನಲ್ಲಿ ಡೇಟಾಬೇಸ್ ಓಡುತ್ತಿರುವುದು ಕಂಡಿತು. ಹೊರಗೆ ಬಂದರೆ ಮೊಬೈಲ್ ಕುಯ್ಯೋ ಅನ್ನುತ್ತಿತ್ತು. ಶಿರಾ ಶಾಖೆಯ ಹುಡುಗಿ ಲೈನಿನಲ್ಲಿದ್ದಳು.

"ಕ್ಯಾ ಹೋರಾ ಅಕ್ಕಾ, ಏನ್ ನಡೀತಾ ಐತೆ ಅಲ್ಲಿ? ಆಗ್ಲೇ ಸೇರಿಸಿದ ಹೆಸರು ಈಗ ಕಾಣ್ತಾನೇ ಇಲ್ಲ."

"ಟ್ಯೂಬ್ ಎಲ್ಲಿದಾವೆ?"

"ಬಸ್ಸಿಗೆ ಹಾಕ್ಬುಟ್ಟೆ."

ಎರಡೂ ಕಡೆಯ ಹೆಸರು ನಂಬರುಗಳನ್ನು ಎದುರುಬದುರು ಇಟ್ಟು ಹೊಂದಿಸಲು ಕೂತೆ. ಪರೀಕ್ಷೆ ನಿಲ್ಲಿಸಿ ಎಂದು ಒಳಗೆ ಹೇಳಿಸುವ ಹೊತ್ತಿಗೆ ಪಾವಗಡ, ಶಿರಾಗಳ ಡಬ್ಬ ಬಂದು ಕೆಲವು ಟ್ಯೂಬುಗಳು ಮೆಷಿನ್ನಿಗೆ ಹೋಗಿ, ಎರಡೂ ಸರ್ವರುಗಳಿಂದ ಕೆಲವು ರಿಪೋರ್ಟು ಹೊರಟೂ ಹೋಗಿದ್ದವು. ಅದರಲ್ಲಿ ಒಂದು ಪಾವಗಡದ ರಿಟೈರ್ಡ್ ಮೇಷ್ಟ್ರ ಮೊಬೈಲಿಗೆ ಹೋಗಿತ್ತು, ನಿಮ್ಮ ಕಿಡ್ನಿ ಕೆಟ್ಟಿದೆ ಎಂದು. ಅದೇ ನಂಬರಿನ ಇನ್ನೊಬ್ಬ ಶಿರಾದ ಲಾರಿ ಮೆಕ್ಯಾನಿಕ್. ಅವನಿಗೆ ಎಲ್ಲ ಸರಿಯಿದೆ ಎಂಬ ರಿಪೋರ್ಟು ಹೋಗಿತ್ತು.

ಮೇಷ್ಟ್ರು ಸೋಮವಾರ ಹೆಂಡತಿಯ ಜೊತೆ ಮಧುಗಿರಿಗೇ ಬಂದರು. ಅವರು ಬೆಂಚಿನ ಮೇಲೆ ಕೂತು ಸುಮ್ಮನೆ ನೆಲ ನೋಡುತ್ತಿದ್ದರು. ಮಾತಾಡಿದ್ದೆಲ್ಲ ಅವರ ಹೆಂಡತಿ. "ಮಕ್ಕಳಿಗೆಲ್ಲ ಫೋನ್ ಮಾಡಿ ಕರೆಸ್ಕೊಂಡುಬುಟ್ರು. ಯಾವ ಸೈಟು ಯಾರಿಗೆ ಅಂತೆಲ್ಲ ಹೇಳಿದ್ರು. ಒಂದು ತುತ್ತು ಉಣ್ಲಿಲ್ಲ. ಈಗ ತಪ್ಪಾಗಿದೆ ಅಂತೀರಲ್ಲಮ್ಮ, ನಿಮ್ಮ ಮನೇಲಿ ಹಿಂಗಾಗಿದ್ರೆ ಏನ್ ಮಾಡ್ತಿದ್ರಿ?" ಅವರ ಮುಂದೆ ನಿಂತು ಕೈ ಮುಗಿದವಳು ನಾನು. ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಶಿರಾ ಶಾಖೆಯ ಹುಡುಗಿ ಗ್ಯಾರೇಜಿಗೆ ಹೋಗಿದ್ದಳು. ಅವನು ನಕ್ಕು, ರಿಪೋರ್ಟು ಚೆನ್ನಾಗೇ ಇದೆ ಎಂದು ಮೊಬೈಲ್ ತೋರಿಸಿದನಂತೆ. ಅವನನ್ನು ಒಪ್ಪಿಸಿ ಮತ್ತೆ ರಕ್ತ ತೆಗೆದು ನೋಡಿದರೆ ಕಿಡ್ನಿ ನಿಜಕ್ಕೂ ಕೆಟ್ಟಿತ್ತು. ಆ ವಾರವೇ ಔಷಧಿ ಶುರುವಾಯಿತು, ಉಳಿದುಕೊಂಡ. ಗೊತ್ತಾಗದೇ ಹೋಗಿದ್ದರೆ ಎಂಬುದನ್ನು ಯೋಚಿಸಲು ನನಗೆ ಈಗಲೂ ಇಷ್ಟವಿಲ್ಲ.

ಮೋಡ್ ತೆಗೆದದ್ದು ಯಾರೆಂದು ನಾನು ಹುಡುಕಬೇಕಾಗಿ ಬರಲಿಲ್ಲ. ಮೇಷ್ಟ್ರು ಎದ್ದು ಹೋದ ಮೇಲೆ ಕಾರಿಡಾರಿನಲ್ಲಿ ಅವನೇ ನಿಂತಿದ್ದ.

"ಮೇಂಟೆನೆನ್ಸ್ ತೆಗೆದದ್ದು ನೀವಾ?" ಕೇಳಿದೆ.

ಸಿಟ್ಟು ಬಂದರೆ ಅವನ ಬಾಯಲ್ಲಿ ತೆಲುಗು. "ನಾ ಇಷ್ಟಂ" ಅಂದ. "ತೆಗ್ದೆ. ಏನೀಗ? ನನ್ನ ಕೇಳ್ದೆ ಡಾಕ್ಟ್ರಮ್ಮನ ಹತ್ರ ಹೋಗಿ ದಿನ ಗೊತ್ತು ಮಾಡ್ಕಂಡ್ಯಲ್ಲ, ನಾಲ್ಕು ಊರು ನಿಲ್ಸಿ ಕೂತಿದ್ಯಲ್ಲ, ಎಷ್ಟೊತ್ತು ಅಂತ ಸುಮ್ನಿರ್ಲಿ?"

ತೀರ್ಪು ಬಂದ ಮೇಲೆ ಮೊದಲ ಸಲ ಅವನ ಬಾಯಿಂದ ಏಕವಚನ ಬಂದಿತ್ತು. ನಾನು ಮಾತ್ರ ಬದಲಾಯಿಸಲಿಲ್ಲ.

"ಒಳಗೆ ಬಂದು ಕೇಳಬಹುದಿತ್ತು ಸರ್. ಬಾಗಿಲು ತೆರೆದೇ ಇತ್ತು."

"ನಿನ್ನ ಬಾಗಿಲಿಗೆ ನಾನು ಬರ್ಬೇಕಾ?"

"ಆ ಮೆಕ್ಯಾನಿಕ್ ಸಾಯ್ತಿದ್ದ."

"ಸತ್ನಾ? ಇಲ್ವಲ್ಲ. ಸುಮ್ನೆ ದೊಡ್ಡದು ಮಾಡ್ಬೇಡ."

ಅವನು ಬೇಕೆಂದೇ ಕೆಡಿಸಲು ತೆಗೆದನೋ, ಏನಾಗುತ್ತದೆಂದು ತಿಳಿಯದೆ ಕೊಬ್ಬಿಗೆ ತೆಗೆದನೋ, ನನಗೆ ತಿಳಿಯದು. ತಿಳಿದುಕೊಳ್ಳುವ ಆಸೆಯೂ ಆವತ್ತೇ ಸತ್ತಿತು. ಅಷ್ಟು ವರ್ಷ ಜೊತೆಗಿದ್ದಾಗ ಅವನು ಮಾಡಿದ್ದಕ್ಕೆಲ್ಲ ಒಂದು ಕಾರಣ ಹುಡುಕಿ, ಆ ಕಾರಣಕ್ಕೆ ಕ್ಷಮಿಸಿ ಸಾಕಾಗಿದ್ದೆ.

ಡಾಕ್ಟ್ರಮ್ಮ ಇಬ್ಬರನ್ನೂ ಕರೆದರು. "ಇಷ್ಟು ವರ್ಷದಲ್ಲಿ ಒಂದು ರಿಪೋರ್ಟು ಅದಲುಬದಲಾಗಿರ್ಲಿಲ್ಲ. ನಿಮ್ಮಿಬ್ಬರ ಜಗಳಕ್ಕೆ ನನ್ನ ಲ್ಯಾಬೇ ಬೇಕಿತ್ತಾ?" ಅಂದರು.

ಇಬ್ಬರ ಜಗಳ. ಅವನು ತೆಗೆದದ್ದಕ್ಕಿಂತ ಹೆಚ್ಚಾಗಿ ಆ ಮಾತು ನನ್ನನ್ನು ಸುಟ್ಟಿತು. ಒಬ್ಬರು ಬಾಗಿಲು ಹಾಕುತ್ತಾರೆ, ಇನ್ನೊಬ್ಬರು ಒದೆಯುತ್ತಾರೆ. ನೋಡಿದವರು ಇಬ್ಬರೂ ಗಲಾಟೆ ಮಾಡಿದರು ಅನ್ನುತ್ತಾರೆ. "ಅಮ್ಮಾ, ನಾನು ನನ್ನ ಕೆಲಸ ಮಾಡ್ತಿದ್ದೆ. ಇದರಲ್ಲಿ ಇಬ್ಬರು ಇಲ್ಲ. ಒಬ್ಬರೇ ಇರೋದು" ಅಂದೆ. ನನ್ನ ದನಿ ಏರಿತ್ತು. ಡಾಕ್ಟ್ರಮ್ಮ ತಮ್ಮ ಕೀಬೋರ್ಡನ್ನು ನನ್ನ ಮುಂದೆ ಸರಿಸಿದರು. ಆಮೇಲೆ ಅವನ ಕಡೆ ತಿರುಗದೆಯೇ, "ಇವರ ಲಾಗಿನ್ನಿಂದ ಆ ಹಕ್ಕು ತೆಗೆದುಬಿಡು" ಅಂದರು. ಅಲ್ಲೇ ಅವರ ಕಂಪ್ಯೂಟರಿನಲ್ಲಿ, ಅವನು ನೋಡುತ್ತಿರುವಾಗಲೇ ತೆಗೆದೆ. ಇನ್ನು ಅವನು ಕಾವಲಿನ ಪರದೆಯನ್ನು ನೋಡಬಹುದು, ಮುಟ್ಟುವ ಹಾಗಿಲ್ಲ. ನನಗೆ ಅದರಿಂದ ಸಂತೋಷವಾಗಲಿಲ್ಲ ಅಂದರೆ ಸುಳ್ಳಾಗುತ್ತದೆ.

ಆದರೆ ಡಾಕ್ಟ್ರಮ್ಮ ನನಗೂ ಒಂದು ಕಟ್ಟು ಹಾಕಿದರು. ಮೇಂಟೆನೆನ್ಸ್ ಹಾಕುವ ಮುಂಚೆ ಮ್ಯಾನೇಜರಿಗೆ ಫೋನ್ ಮಾಡಿ ಹೇಳಬೇಕು, ತೆಗೆದ ಮೇಲೂ ಹೇಳಬೇಕು. ಮೆಸೇಜು ಸಾಲದು, ಬಾಯಲ್ಲೇ ಹೇಳಬೇಕು. ನಾಲ್ಕು ಊರಿಗೆ ಉತ್ತರ ಹೇಳುವವನು ಅವನು ಅನ್ನುವುದು ಅವರ ಮಾತು.

ಹಾಗೆ ನಮ್ಮ ಫೋನುಗಳು ಶುರುವಾದವು.

"ಮೇಂಟೆನೆನ್ಸ್ ಹಾಕ್ತಿದೀನಿ ಸರ್."

"ಹ್ಞೂಂ."

ಕೆಲಸ ಮುಗಿದ ಮೇಲೆ, "ತೆಗೆದೆ ಸರ್."

ಅದಕ್ಕೆ ಹ್ಞೂಂ ಕೂಡ ಇರುತ್ತಿರಲಿಲ್ಲ, ಫೋನ್ ಇಟ್ಟ ಸದ್ದು ಅಷ್ಟೇ. ಕೆಲವು ಸಲ ಬೇಕೆಂದೇ ಫೋನ್ ಎತ್ತುತ್ತಿರಲಿಲ್ಲ. ಆಗ ನಾನು ಅವನ ಕ್ಯಾಬಿನ್ನಿನ ಗಾಜಿನ ಬಾಗಿಲ ಹೊರಗೆ ನಿಂತು, ಒಳಗೆ ಅವನ ಮೊಬೈಲ್ ಮೇಜಿನ ಮೇಲೆ ಅದುರುವುದನ್ನು ನೋಡುತ್ತ, ಅವನು ಎತ್ತುವ ತನಕ ಮತ್ತೆ ಮತ್ತೆ ಮಾಡುತ್ತಿದ್ದೆ. ಅವನು ಗಾಜಿನಾಚೆಯಿಂದ ನನ್ನನ್ನೇ ನೋಡುತ್ತ ಕೂತಿರುತ್ತಿದ್ದ. ಒಬ್ಬರ ಹಟಕ್ಕೆ ಇನ್ನೊಬ್ಬರು ಸೋಲುತ್ತಿರಲಿಲ್ಲ. ಹೀಗೇ ಒಂದು ವರ್ಷದ ಮೇಲಾಯಿತು.

ಒಂದು ದಿನ ಅವನೇ ನನ್ನ ಟೇಬಲ್ಲಿಗೆ ಬಂದ. ಹೊಸ ಶರ್ಟು. ಕೈಯಲ್ಲಿ ಲಗ್ನಪತ್ರಿಕೆಗಳ ಕಟ್ಟು. ನನಗೆ ಕೊಡಲಿಕ್ಕಲ್ಲ, ಬಿಲ್ಲಿಂಗಿನವರಿಗೆ ಹಂಚಲು. ಹಿಂದೂಪುರದ ಕಡೆಯ ಹುಡುಗಿ ಎಂದು ಆಗಲೇ ಎಲ್ಲರಿಗೂ ಗೊತ್ತಿತ್ತು.

"ಮುಂದಿನ ವಾರ ನಾನು ಇರಲ್ಲ. ಆ ನಿಮ್ಮ ಎಚ್ಚರಿಕೆ ಮೆಸೇಜು ನನಗೆ ಬರಕೂಡದು."

"ಡಾಕ್ಟ್ರಮ್ಮ ಹೇಳಿದ್ರೆ ನಿಲ್ಲಿಸ್ತೀನಿ ಸರ್."

"ಪ್ರತಿಯೊಂದಕ್ಕೂ ಡಾಕ್ಟ್ರಮ್ಮನಾ?"

"ನೀವೇ ಕಲಿಸಿದ್ದು."

ಅವನು ಡಾಕ್ಟ್ರಮ್ಮನ ಕೋಣೆಗೆ ಹೋಗಿ, ಬಾಗಿಲಿಂದಲೇ ಅವರನ್ನು ಹೂಂಗುಟ್ಟಿಸಿಕೊಂಡು ವಾಪಸ್ಸು ಬಂದ. "ಕೇಳಿಸ್ತಲ್ಲ? ಒಂದೂ ಬರಕೂಡದು. ಏನೇ ಆಗ್ಲಿ, ನನಗೆ ಬೇಡ. ಫೋನೂ ಬೇಡ."

"ಆಯ್ತು" ಅಂದೆ. ಅವನ ನಂಬರಿಗೆ ಹೋಗುವುದನ್ನು ಆ ದಿನಗಳ ಮಟ್ಟಿಗೆ ನಿಲ್ಲಿಸಿದೆ. ಅವನಿಗೆ ಉಪಕಾರ ಮಾಡಲಿಕ್ಕಲ್ಲ. ನಾನು ಬರೆದ ಮೆಸೇಜು ಹೋಗಿ ಆ ಮಂಟಪದಲ್ಲಿ ಸದ್ದು ಮಾಡುವುದು ನನಗೂ ಬೇಕಿರಲಿಲ್ಲ.

ಅವನ ಮದುವೆಯ ಮಾರನೆಯ ಬೆಳಿಗ್ಗೆ, ಲ್ಯಾಬು ಜನರಿಂದ ಗಿಜಿಗುಡುತ್ತಿರುವಾಗ, ಮೊದಲನೆಯ ಸರ್ವರಿನ ಡಿಸ್ಕು ಕೆಟ್ಟಿತು. ಎಚ್ಚರಿಕೆ ನನ್ನೊಬ್ಬಳಿಗೆ ಬಂತು. ನಾನು ಕಿರುಕೋಣೆಗೆ ಹೋಗುವಷ್ಟರಲ್ಲಿ ಎರಡನೆಯದು ಕೆಲಸ ವಹಿಸಿಕೊಂಡಿತ್ತು. ಹೊರಗೆ ಬಂದು ಶಿರಾಕ್ಕೆ ಫೋನ್ ಮಾಡಿ, "ಏನಾದ್ರೂ ತೊಂದ್ರೆ ಆಯ್ತಾ?" ಅಂದೆ. "ಯಾತರದ್ದು ಅಕ್ಕಾ?" ಅಂದಳು ಆ ಹುಡುಗಿ. ಪಾವಗಡ, ಕೊರಟಗೆರೆಗಳಿಗೂ ಏನೂ ತಿಳಿದಿರಲಿಲ್ಲ. ಕಾವಲು ಮತ್ತೆ ಆ ಕೆಟ್ಟ ಸರ್ವರಿಗೇ ಕೆಲಸ ಹಿಂದಿರುಗಿಸದ ಹಾಗೆ ಅದೊಂದನ್ನೇ ಮೇಂಟೆನೆನ್ಸಿಗೆ ಹಾಕಿದೆ. ತುಮಕೂರಿನಿಂದ ಹೊಸ ಡಿಸ್ಕು ಮಧ್ಯಾಹ್ನದ ಬಸ್ಸಿಗೆ ಬಂತು. ಹಾಕಿದೆ. ಎರಡನೆಯದರಿಂದ ಮಾಹಿತಿ ನಕಲಾಗಲು ಬಿಟ್ಟು, ಬುತ್ತಿ ಬಿಚ್ಚಿ ಊಟ ಮಾಡಿದೆ. ಬೆನ್ನ ಹಿಂದೆ ಯಾರೂ ನಿಂತಿರಲಿಲ್ಲ. ಯಾರಿಗೂ ಹೇಳಿ ಹ್ಞೂಂ ಅನ್ನಿಸಿಕೊಳ್ಳಬೇಕಾಗಿರಲಿಲ್ಲ. ಆ ಲ್ಯಾಬಿನಲ್ಲಿ ನಾನು ಅಷ್ಟು ನಿರಾಳವಾಗಿ ಕೆಲಸ ಮಾಡಿದ ದಿನ ಬೇರೆ ನೆನಪಿಲ್ಲ. ಸಂಜೆ ಡಾಕ್ಟ್ರಮ್ಮನಿಗೆ ಹೇಳಿದಾಗ ಅವರು ಕನ್ನಡಕ ತೆಗೆದು, "ಯಾವಾಗ ಆಯ್ತು ಇದೆಲ್ಲ?" ಎಂದು ಕೇಳಿದರು.

ಅವನು ರಜೆ ಮುಗಿಸಿ ಬಂದವನು ಬಿಲ್ಲಿಂಗಿನವರಿಂದ ಸುದ್ದಿ ಕೇಳಿ ನೇರ ನನ್ನ ಹತ್ತಿರ ಬಂದ. ಕೈಯ ಅರಿಸಿನದ ಬಣ್ಣ ಇನ್ನೂ ಮಾಸಿರಲಿಲ್ಲ.

"ಡಿಸ್ಕು ಹೋಯ್ತಂತೆ."

"ಹೌದು. ಹೊಸದು ಹಾಕಿದೀನಿ."

"ನನಗ್ಯಾಕೆ ಹೇಳ್ಲಿಲ್ಲ?"

"ಬೇಡ ಅಂದಿದ್ರಿ."

"ಬೇಡ ಅಂದ್ರೆ..." ಸಿಟ್ಟಿನಲ್ಲಿ ಕತ್ತಿನ ನರ ಉಬ್ಬಿತ್ತು. "ಬೇಡ ಅಂದ್ರೆ ನಿಜವಾಗ್ಲೂ ಹೇಳ್ದೇ ಇದ್ದುಬಿಡೋದಾ? ಇಷ್ಟು ದೊಡ್ಡದಾದಾಗ್ಲೂ?"

ಅವನ ಮುಖದಲ್ಲಿ ಸಿಟ್ಟಿನ ಜೊತೆ ಇನ್ನೇನೋ ಇತ್ತು. ತಾನಿಲ್ಲದೆ ಎಲ್ಲ ಸುಸೂತ್ರ ನಡೆದುಹೋದದ್ದು ಅವನಿಗೆ ಅವಮಾನವಾಗಿತ್ತು. ಮುಂಚೆ ಆಗಿದ್ದರೆ ಆ ಮುಖ ನೋಡಿ ಏನಾದರೂ ಸಮಾಧಾನದ ಮಾತು ಆಡಿರುತ್ತಿದ್ದೆ.

"ಹೌದು" ಅಂದೆ.

ಬಿಲ್ಲಿಂಗಿನವರು ಈ ಸಲ ಈ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೆಲ್ಮೆಟ್ ಎತ್ತಿಕೊಂಡು ಕೊರಟಗೆರೆ ಶಾಖೆಗೆ ಹೋಗಿಬರುತ್ತೇನೆಂದು ಯಾರಿಗೋ ಹೇಳಿ ಹೊರಟ. ನಾನು ಕಾವಲಿನ ಪರದೆ ತೆಗೆದು ಅವನ ನಂಬರನ್ನು ಮತ್ತೆ ಚಾಲೂ ಮಾಡಿ, ಪಾವಗಡದಿಂದ ಬಂದಿದ್ದ ಕರೆಯನ್ನು ಎತ್ತಿಕೊಂಡೆ. ಅಲ್ಲಿ ಪ್ರಿಂಟರಿಗೆ ಕಾಗದ ಸಿಕ್ಕಿಹಾಕಿಕೊಂಡಿತ್ತು.